ದಾರಿಗೆ ಅಡ್ಡವಿಟ್ಟ ಹಾಸು

ಫಕೀರವ್ವನ ಎದುರಿನ ಮಣೆ ದೀಪಾವಳಿಯಿಂದ ಖಾಲಿ ಬಿದ್ದಿತ್ತು. ಆ ಖಾಲಿ ಮಣೆಯ ಮೇಲೆ ಅವಳು ಮನಸ್ಸಿನಲ್ಲೇ ತನ್ನ ಮಗಳನ್ನು ಕೂರಿಸಿ ಆಗಿತ್ತು.

ಇಚಲಕರಂಜಿಯ ಶಹಾಪುರದಲ್ಲಿ ಜಿನೇಂದ್ರ ಮಾಲಕರ ಮಗ್ಗದ ಶೆಡ್ಡು. ಅದರ ಹಿಂದಿನ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಮೂವತ್ತೊಂದು ವರ್ಷದಿಂದ ಎರಡು ಮಣೆ ಎದುರುಬದುರಾಗಿ ಇದ್ದವು. ಒಂದರ ಮೇಲೆ ಫಕೀರವ್ವ, ಇನ್ನೊಂದರ ಮೇಲೆ ಚೆನ್ನವ್ವ, ನಡುವೆ ಹಣಿಗೆ. ಹೊಸ ಹಾಸು ಮಗ್ಗಕ್ಕೆ ಏರುವ ಮೊದಲು ಅದರ ಒಂದೊಂದು ಎಳೆಯನ್ನೂ ಹಣಿಗೆಯ ಹಲ್ಲಿನ ಸಂದಿಯಿಂದ ಹಾಯಿಸಬೇಕು. ಆ ಊರಲ್ಲಿ ಈ ಕೆಲಸಕ್ಕೆ ವಹಿಫಣಿ ಎನ್ನುತ್ತಾರೆ. ಒಬ್ಬರಿಂದ ಆಗುವಂಥದ್ದಲ್ಲ. ಹಿಂದೆ ಕೂತವಳು ಎಳೆ ಆರಿಸಿ ಕೊಡಬೇಕು, ಮುಂದೆ ಕೂತವಳು ಕೊಕ್ಕೆ ಚಾಚಿ ಎಳೆದುಕೊಳ್ಳಬೇಕು. ಸಾವಿರಾರು ಎಳೆ, ಒಂದೇ ಒಂದು ತಪ್ಪಿದರೂ ಅರಿವೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಗಂಡಹೆಂಡಿರು ಕೂಡ ಅಷ್ಟು ಹೊತ್ತು ಮುಖಕ್ಕೆ ಮುಖ ಕೊಟ್ಟು ಕೂಡುವುದಿಲ್ಲ.

ಚೆನ್ನವ್ವನ ಕಣ್ಣಿಗೆ ಪೊರೆ ಬಂತು, ಅವಳು ಮಗನ ಊರು ಸೇರಿದಳು. ಆಮೇಲೆ ಫಕೀರವ್ವ ಸಿಕ್ಕವರನ್ನು ಗಳಿಗೆ ಹೊತ್ತು ಕೂರಿಸಿಕೊಂಡು ದಿನ ತಳ್ಳುತ್ತಿದ್ದಳು. ಮಣೆಗೆ ಕಾಯಂ ಜನ ಬೇಕಾಗಿತ್ತು.

ಕಿರಿಯ ಮಗಳು ಶಾಲನಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದರು. ಗಂಡ ಎರಡು ವರ್ಷದ ಹಿಂದೆ ಇನ್ನೊಬ್ಬಳನ್ನು ತಂದುಕೊಂಡು ಇವಳನ್ನು ಹೊಸ್ತಿಲಾಚೆ ನಿಲ್ಲಿಸಿದ. ಅಂದಿನಿಂದ ಅಲ್ಲೇ ಒಂದು ಬಾಡಿಗೆ ಖೋಲಿ ಹಿಡಿದು ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಸಂಜೆಗೆ ಬೆರಳೆಲ್ಲ ಬೆಂಕಿ. ಮಜ್ಜಿಗೆಯ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂತವಳ ಮುಖದ ಮೇಲೆ ನೊಣ ಕೂತರೆ ಓಡಿಸಲೂ ಭಯ, ಕೈ ಕಣ್ಣಿಗೆ ತಾಗೀತೆಂದು. ಫಕೀರವ್ವ ಅದನ್ನು ಒಮ್ಮೆ ಕಣ್ಣಾರೆ ಕಂಡು ಬಂದಿದ್ದಳು, ಮರೆಯಲಾಗಿರಲಿಲ್ಲ. ಆದರೆ ಮನೆ ಒಂದೂವರೆ ಖೋಲಿಯದು, ಅದರಲ್ಲಿ ಮಗನ ಸಂಸಾರ. ಬರಿಗೈಲಿ ಬಂದ ಮಗಳಾದರೆ ಎರಡನೆಯ ದಿನಕ್ಕೇ ಸೊಸೆ ತಾಟು ಕುಕ್ಕುತ್ತಾಳೆ. ದುಡಿಯುವ ಮಗಳಾದರೆ ಮಾತೇ ಬೇರೆ. ಅದಕ್ಕೆ ಆ ಮಣೆ ಬೇಕು.

ಜಿನೇಂದ್ರ ಮಾಲಕರೂ, "ನೋಡೂಣು ಫಕೀರವ್ವ, ಸಂಕ್ರಾಂತಿ ಮುಗೀಲಿ" ಎಂದಿದ್ದರು. ಸಂಕ್ರಾಂತಿ ಮುಗಿದ ಮೇಲೆ ಅವರು ಹೇಳಿದ್ದೇ ಬೇರೆ.

"ನಮ್ಮ ಪ್ರಣಾಲಿ ಒಬ್ಬಾಕೀನ ಕಳಸತಾಳ. ಟಿಬೇಟದವರು. ಎಂಟು ದಿನ ಟ್ರಾಯಲ್ ನೋಡ್ರಿ."

ಪ್ರಣಾಲಿ ಅವರ ಅಣ್ಣನ ಮಗಳು. ಕೊಲ್ಹಾಪುರದಲ್ಲಿ ಒಂದು ಸಂಸ್ಥೆಯಲ್ಲಿ ನಿರಾಶ್ರಿತರಿಗೆ ಕೆಲಸದ ದಾರಿ ತೋರಿಸುವ ನೌಕರಿ ಅವಳದು. ಬಂದವರನ್ನು ಕುರ್ಚಿಯ ಮೇಲೆ ಕೂರಿಸಿ, ನಿಮಗೇನು ಬರುತ್ತದೆ, ಏನು ಇಷ್ಟ, ಐದು ವರ್ಷದ ಮೇಲೆ ಎಲ್ಲಿರಬೇಕು ಅಂತೀರಿ ಎಂದು ಕೇಳಿ ಫಾರ್ಮು ತುಂಬುತ್ತಿದ್ದಳು.

"ಟಿಬೇಟ ಎಲ್ಲಿ ಬರತೈತ್ರಿ?" ಎಂದಳು ಫಕೀರವ್ವ.

"ಚೀನಾದ ಬಾಜೂಕ."

"ಚೀನಾದ ಮಗ್ಗ ಬಂದು ಕೊರೋಚಿ ಊರಾಗ ಸಾಲಿಗೆ ಸಾಲು ಶೆಡ್ಡು ಗುಜರಿಗೆ ಹೋದ್ವು. ಇನ್ನ ಹೆಂಗಸರನ್ನೂ ಆ ಕಡಿಂದಾನ ತರಸೂದೇನ್ರಿ?"

"ಆ ಚೀನಾದವರ ಕಾಟಕ್ಕನ ಅವರ ಹಿರ್ಯಾರು ಓಡಿ ಬಂದದ್ದು, ಫಕೀರವ್ವ."

"ಓಡಿ ಬರೂವರು ಓಡಿ ಬರ್ಲಿ. ನನ್ನ ಮಣಿ ಮ್ಯಾಲ ಯಾಕ ಬಂದ ನಿಂದರತಾರಂತೀನಿ."

ಮಾಲಕರು ಮೊಬೈಲು ಕಿವಿಗೆ ಹಿಡಿದು ಹೊರಗೆ ಹೋದರು.

ಫಕೀರವ್ವ ಸುಮ್ಮನೆ ಕೂಡುವವಳಲ್ಲ. ಮರುದಿನವೇ ರಜೆ ಹಾಕಿ ಕೊಲ್ಹಾಪುರದ ಬಸ್ಸು ಹತ್ತಿದಳು. ಗಡಹಿಂಗ್ಲಜದಿಂದ ಶಾಲನಳನ್ನೂ ಕರೆಸಿಕೊಂಡಿದ್ದಳು. ಇಬ್ಬರೂ ಸ್ಟ್ಯಾಂಡಿನಲ್ಲಿ ಕೂಡಿ, ಕೇಳುತ್ತ ಕೇಳುತ್ತ ಆ ಆಫೀಸಿನ ಮೆಟ್ಟಿಲು ಹತ್ತಿದರು. ಗೋಡೆಯ ತುಂಬ ಹೆಲ್ಮೆಟ್ಟು ಹಾಕಿಕೊಂಡು ನಗುವವರ ಚಿತ್ರಗಳು. ದುಡಿಯುವಾಗ ಹಾಗೆ ಹಲ್ಲು ಬಿಟ್ಟು ನಗುವವರನ್ನು ಫಕೀರವ್ವ ಎಲ್ಲೂ ಕಂಡಿರಲಿಲ್ಲ. ಮೂಲೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಲವತ್ತರ ಮೇಲಿನವಳು, ಗಾಳಿಗೆ ಕೆಂಪಾದ ಕೆನ್ನೆ, ಸಣ್ಣ ಕಣ್ಣು. ಇವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಪ್ರಣಾಲಿ ನೀರು ಕೊಟ್ಟಳು. ಫಕೀರವ್ವ ಲೋಟ ಮುಟ್ಟಲಿಲ್ಲ.

"ನನ್ನ ಮಗಳದೊಂದ ಫಾರ್ಮು ತುಂಬ್ರಿ ಅಕ್ಕಾರ."

"ಆಜಿ, ಇದು ನಿರಾಶ್ರಿತರಿಗೆ ಅಷ್ಟ ಐತ್ರಿ."

"ಗಂಡ ಹೊರಗ ಹಾಕ್ಯಾನ. ತವರಾಗ ಕಾಲು ಚಾಚಾಕ ಜಾಗಾ ಇಲ್ಲ. ಇದ್ದೊಂದು ಖೋಲಿ ಮಂದೀದು. ಇಕಿ ಇನ್ನ ಹೆಂಗ ನಿರಾಶ್ರಿತಳಾಗ್ಬೇಕು ಹೇಳ್ರಿ, ಹಂಗ ಆಗ್ತಾಳ."

"ಹಂಗಲ್ರಿ ಆಜಿ. ಅದಕ್ಕ ಸರ್ಕಾರದ ಕಾಗದ ಇರತೈತಿ. ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕ ಬಂದವರಿಗೆ."

"ಗಡಹಿಂಗ್ಲಜದ ಮೆಣಸಿನಕಾಯಿ ಪ್ಯಾಟಿ ಬ್ಯಾರೆ ದೇಶಾನ ಐತ್ರಿ. ಒಂದ ತಾಸು ಹೋಗಿ ಕುಂತ ಬರ್ರಿ, ಕಾಗದ ನೀವ ಬರದ ಕೊಡತೀರಿ."

ಶಾಲನ ತಲೆ ತಗ್ಗಿಸಿದಳು. ಪ್ರಣಾಲಿ ಕೆಟ್ಟವಳಲ್ಲ, ಅವಳಿಗೆ ಒಂದೇ ಪಾಠ ಬರುತ್ತಿತ್ತು, ಅದನ್ನೇ ಒಪ್ಪಿಸಿದಳು.

"ಶಾಲನಕ್ಕಾ, ನಿಮಗ ಏನ ಕೆಲಸ ಇಷ್ಟ?"

ಆ ಮಾತನ್ನು ಶಾಲನಳಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬಹಳ ಹೊತ್ತು ವಿಚಾರ ಮಾಡಿ ಹೇಳಿದಳು: "ಮೆಣಸಿನಕಾಯಿ ಬಿಟ್ಟ ಏನಿದ್ರೂ ನಡೀತೈತ್ರಿ."

ಪ್ರಣಾಲಿ ಪೆನ್ನಿನ ತುದಿ ಕಚ್ಚಿದಳು. ಆಮೇಲೆ ಬೆಂಚಿನ ಕಡೆ ನೋಡಿ, ದನಿ ತಗ್ಗಿಸಿ ಅಂದಳು: "ಅವರ ಹೆಸರು ಚೋಕಿ. ಹನ್ನೆರಡು ವರ್ಷ ಗಲೀಚಾ, ಅಂದ್ರ ರತ್ನಗಂಬಳಿ, ನೇಯ್ದಾರ, ಎಳೀ ಕೆಲಸ ಗೊತ್ತೈತಿ. ಆಮ್ಯಾಲ ಇಲ್ಲೇ ಫುಟಪಾತಿನ ಮ್ಯಾಲ ಸ್ವೆಟರ್ ಮಾರತಿದ್ರು. ಈಗ ಎಲ್ಲಾರೂ ಮೊಬೈಲ್‌ನ್ಯಾಗ ತರಸಾಕತ್ತಾರ, ಧಂದೆ ಕುಂತ ಬಿಟ್ಟೈತಿ. ಎಂಟು ದಿನ ನಡಸ್ರಿ ಆಜಿ. ಆಗಲಿಲ್ಲಂದ್ರ ನಾನ ಕಾಕಾಗ ಹೇಳಿ ಶಾಲನಕ್ಕಾನ ಕೂಡ್ರಸತೇನಿ. ನಿಮ್ಮ ಮಾತ ಕಡೇ ಮಾತು. ಖರೇ ಇದ್ದದ್ದ ಹೇಳ್ಬೇಕ ಅಷ್ಟ."

"ಫಕೀರವ್ವ ಸುಳ್ಳ ಹೇಳಿದ್ದು ಯಾರರೆ ಕೇಳ್ಯಾರೇನು, ಶಹಾಪುರದಾಗ ಡಂಗುರಾ ಹೊಡಸಿ ನೋಡ್ರಿ" ಎಂದು ಅವಳು ಎದ್ದಳು. ಬೆಂಚಿನ ಮುಂದೆ ಹಾಯುವಾಗ ಸೆರಗು ತಾಗದಂತೆ ಹಿಡಿದುಕೊಂಡಳು.

ಸೋಮವಾರ ಚೋಕಿ ಬಂದು ಮಣೆಯ ಮೇಲೆ ಕೂತಳು. ಚೆನ್ನವ್ವ ಮೂವತ್ತೊಂದು ವರ್ಷ ಕೂತು ನುಣುಪು ಮಾಡಿದ ಮಣೆ. ಫಕೀರವ್ವ ಒಂದು ಸಲ ತೋರಿಸಿದಳು, ಬೇಕೆಂದೇ ಬೇಗಬೇಗ. ಚೋಕಿ ನೋಡಿದಳು, ಎಳೆ ಹಿಡಿದಳು, ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಬೆರಳಿಗೆ ದಾರಿ ಸಿಕ್ಕಿತು. ತಪ್ಪು ಹುಡುಕಲೆಂದೇ ಕೂತವರಿಗೆ ತಪ್ಪು ಸಿಗದಿದ್ದರೆ ಅದು ಒಂದು ನಮೂನೆಯ ಹಸಿವೆ. ಫಕೀರವ್ವ ಆ ಹಸಿವೆಯನ್ನು ಬೈದು ತೀರಿಸಿಕೊಂಡಳು. ಬಾಜೂಕ್ಕೆ ಅರಿವೆ ಮಡಚುವ ಹೆಂಗಸರಿದ್ದರು. ಅವರ ಕಡೆ ಮುಖ ಮಾಡಿ ಕನ್ನಡದಲ್ಲಿ ಬಾಯಿಗೆ ಬಂದದ್ದು ಅಂದಳು, ಅವರು ನಕ್ಕರು. ಚೋಕಿಯ ಫಾರ್ಮಿನಲ್ಲಿ ಮರಾಠಿ, ಹಿಂದಿ, ಟಿಬೇಟಿ ಎಂದಷ್ಟೇ ಬರೆದಿತ್ತು. ಪ್ರಣಾಲಿಯೂ ಅವಳೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದಳು. ಎರಡು ದಿನ ಹೀಗೇ ನಡೆಯಿತು.

ಮೂರನೆಯ ದಿನ ಫಕೀರವ್ವ ಅಂದಳು: "ಮೂಗ ನೋಡ್ರಿ ಇಕೀದು. ನತ್ತ ಸಿಗಸಾಕೂ ಜಾಗಾ ಇಲ್ಲ."

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಚೋಕಿ ತಲೆ ಎತ್ತಲಿಲ್ಲ, ಎಳೆ ಕೊಡುವುದನ್ನೂ ನಿಲ್ಲಿಸಲಿಲ್ಲ.

"ಮೂಗ ಸಣ್ಣದಿದ್ರ ಚಲೋರಿ ಅವ್ವಾರ. ಮಂದಿ ಬದುಕಿನ್ಯಾಗ ತೂರಸಾಕ ಬರೂದಿಲ್ಲ."

ಫಕೀರವ್ವನ ಕೊಕ್ಕೆ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಂಡಿತು.

"ಕನ್ನಡಾ ಬರತೈತಿ ನಿನಗ?"

"ಮುಂಡಗೋಡ ಕ್ಯಾಂಪಿನ್ಯಾಗ ಹುಟ್ಟೇನ್ರಿ. ಹುಬ್ಬಳ್ಳಿ ಸಂತಿ ಮಾಡಿದಾಕಿ."

"ಕಾಗದದಾಗ ಯಾಕ ಬರಸಲಿಲ್ಲ?"

"ಕನ್ನಡ ಬರತೈತಿ ಅಂದ್ರ ಕೊಲ್ಹಾಪುರದಾಗ ಕೆಲಸ ಕೊಡೂದಿಲ್ಲಂತ ಯಾರೋ ಹೇಳಿದ್ರು."

"ಇಲ್ಲಿ ಬಂದ ಮ್ಯಾಲರೆ ಹೇಳ್ಬೇಕಿತ್ತು."

"ನೀವು ಕೇಳಲಿಲ್ಲ. ಮತ್ತ ಎರಡು ದಿನ ಭಾಳ ಛಂದ ಮಾತಾಡಾಕತ್ತಿದ್ರಿ."

ಭಾಷೆ ಒಂದಾದರೆ ಮನಸ್ಸು ಕೂಡುತ್ತದೆ ಎನ್ನುವವರುಂಟು. ಇಲ್ಲಿ ಹಾಗೇನೂ ಆಗಲಿಲ್ಲ. ಫಕೀರವ್ವನಿಗೆ ಇದ್ದೊಂದು ಬೈಯುವ ಸುಖವೂ ಹೋಯಿತು. ತನ್ನ ಮಾತಿನೊಳಗೂ ಒಬ್ಬಳು ಬಂದು ಮಣೆ ಹಾಕಿ ಕೂತಂತಾಯಿತು.

ಐದು ದಿನ ಉಳಿದಿದ್ದವು. ಕೆಲಸದಲ್ಲಿ ತಪ್ಪಿಲ್ಲ. ಸುಳ್ಳು ಹೇಳುವಂತಿಲ್ಲ, ಪ್ರಣಾಲಿಯ ಮುಂದೆ ಮಾತು ಆಡಿ ಬಂದಿದ್ದಾಳೆ. ನಿಜವಾದ ತಪ್ಪೇ ಬೇಕು. ಆ ರಾತ್ರಿ ಸೊಸೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಕೂತಾಗ ಫಕೀರವ್ವನಿಗೆ ಹಾಸಿನ ನೆನಪಾಯಿತು.

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಏರುವ ನೂಲು. ಅದನ್ನು ಕಾಲಿನಿಂದ ದಾಟಬಾರದು. ಫಕೀರವ್ವನ ಅಪ್ಪ ತೇರದಾಳದಲ್ಲಿ ಕೈಮಗ್ಗ ನೇಯುತ್ತಿದ್ದಾಗ, ಓಣಿಯ ಉದ್ದಕ್ಕೂ ಹಾಸು ಹರವಿದರೆ ಬೀಗರು ಬಂದರೂ ಸುತ್ತಿ ಬರಬೇಕು. ಈಗ ಹಾಸು ಉರುಳೆಯಂಥ ಕಬ್ಬಿಣದ ಬೀಮಿಗೆ ಸುತ್ತಿ ಬರುತ್ತದೆ, ಊರಿನ ಶೆಡ್ಡುಗಳಲ್ಲಿ ಹುಡುಗರು ಅದರ ಮೇಲೆ ಹಾರಿಯೇ ಅಡ್ಡಾಡುತ್ತಾರೆ. ಜಿನೇಂದ್ರರ ಶೆಡ್ಡಿನಲ್ಲಿ ಮಾತ್ರ ಆ ಕಟ್ಟಳೆ ಉಳಿದಿತ್ತು, ಉಳಿಸಿದವಳು ಫಕೀರವ್ವ. ಹನ್ನೆರಡು ವರ್ಷದ ಹಿಂದೆ ಕಾಡಪ್ಪನೆಂಬ ನೇಕಾರ ಅವಸರದಲ್ಲಿ ಬೀಮು ದಾಟಿದ. ಅದೇ ವಾರ ಮಗ್ಗ ತಿರುಗಿಸುವ ಪಟ್ಟೆಗೆ ಸಿಕ್ಕು ಒಬ್ಬನ ಬೆರಳು ಹೋಯಿತು. ಆಗ ಜಿನೇಂದ್ರರ ಅಪ್ಪ ಬಾಬಾಸಾಹೇಬರು ಇದ್ದರು. ಫಕೀರವ್ವ ಅವರ ಮುಂದೆ ನಿಂತು, ಹಾಸು ದಾಟಿದವನು ಇಲ್ಲಿದ್ದರೆ ನಾನು ಕೊಕ್ಕೆ ಮುಟ್ಟುವುದಿಲ್ಲ ಎಂದಳು. ಕಾಡಪ್ಪ ಮಕ್ಕಳ ಆಣೆ ಹಾಕಿ ಬೇಡಿಕೊಂಡ. ಅವಳು ಕರಗಲಿಲ್ಲ. ದಾಟಿದವರಿಗೆ ಈ ಶೆಡ್ಡಿನಲ್ಲಿ ಕೆಲಸವಿಲ್ಲ ಎಂದಾಯಿತು. ಕಾಡಪ್ಪ ಈಗ ಓಣಿಯ ತಿರುವಿನಲ್ಲಿ ಚಹಾದ ಗಾಡಿ ಹಚ್ಚಿದ್ದಾನೆ. ಅವಳು ಹಾಯುವಾಗಲೆಲ್ಲ ಒಂದೇ ಮಾತು ಕೇಳುತ್ತಾನೆ: "ಏನ್ರಿ ಫಕೀರವ್ವ, ಹಾಸ ಆರಾಮ ಐತೇನ್ರಿ?"

ನಾಲ್ಕನೆಯ ದಿನ ಹಮಾಲರು ಹೊಸ ಬೀಮು ತಂದಾಗ ಫಕೀರವ್ವ ಗೋಡೆಯ ಬದಿಯ ದಾರಿ ತೋರಿಸಿ, "ಇಲ್ಲೇ ಅಡ್ಡ ಇಡ್ರಿ, ಮುಂದ ಇದನ್ನ ಹಾಯಸೂದೈತಿ" ಎಂದಳು. ಹಿಂದಿನ ಮೂಲೆಯಿಂದ ಮುಂದಕ್ಕೆ ಹೋಗಲು ಇದ್ದದ್ದು ಅದೊಂದೇ ದಾರಿ. ನೀರಿನ ಕೊಡ ಮುಂದೆ, ಸಂಡಾಸು ಮುಂದೆ. ಬೀಮು ದಾಟದೆ ಹೋಗಬೇಕೆಂದರೆ ಹಿಂದಿನ ಬಾಗಿಲಿನಿಂದ ಹೊರಬಿದ್ದು, ಗಟಾರದ ಸಂದಿ ಹಿಡಿದು, ಪಕ್ಕದ ಶೆಡ್ಡು, ಕಾಡಪ್ಪನ ಗಾಡಿ ಎಲ್ಲವನ್ನೂ ಬಳಸಿ ಮುಂದಿನ ಬಾಗಿಲಿಗೆ ಬರಬೇಕು. ಅರಿವೆ ಮಡಚುವವರನ್ನು ಅಂದಿನಿಂದ ಮುಂದಿನ ಕಟ್ಟೆಗೆ ಕಳಿಸಿದ್ದರು. ಹಿಂದೆ ಉಳಿದವರು ಇವರಿಬ್ಬರೇ.

ಫಕೀರವ್ವ ಮನೆಯಿಂದ ಬಾಟಲಿ ತುಂಬ ನೀರು ತಂದಿದ್ದಳು. ಕೊಕ್ಕೆ ಆಡಿಸುತ್ತ ಕಾಯ್ದಳು.

ಹತ್ತೂವರೆಗೆ ಚೋಕಿ ಎದ್ದಳು. ಬೀಮಿನ ತನಕ ಹೋಗಿ ನಿಂತಳು. ಅದು ಮೊಣಕಾಲೆತ್ತರವೂ ಇರಲಿಲ್ಲ, ಒಂದು ಹೆಜ್ಜೆಯ ಕೆಲಸ. ಅವಳು ತಿರುಗಿದಳು, ಫಕೀರವ್ವನ ಮುಂದೆಯೇ ಹಾಯ್ದು ಹಿಂದಿನ ಬಾಗಿಲಿನಿಂದ ಹೊರಬಿದ್ದಳು. ಹತ್ತು ನಿಮಿಷ ಬಿಟ್ಟು ಅದೇ ಬಾಗಿಲಿನಿಂದ ಬಂದು, ಚಪ್ಪಲಿ ಜಾಡಿಸಿ ಬಿಟ್ಟು, ಮಣೆಯ ಮೇಲೆ ಕೂತಳು.

ಮಧ್ಯಾಹ್ನವೂ ಹಾಗೇ, ಸಂಜೆಯೂ ಹಾಗೇ. ಮರುದಿನವೂ ಹಾಗೇ. ಫಕೀರವ್ವನಿಗೆ ಇದೇನು ಹಟ ಎಂದು ತಿಳಿಯಲಿಲ್ಲ. ಬಾಟಲಿಯ ನೀರು ಕುಡಿದದ್ದು ಅವಳನ್ನೂ ಬಿಡಲಿಲ್ಲ. ಅರವತ್ತು ದಾಟಿದ ದೇಹ, ಎಷ್ಟೆಂದು ತಡೆದೀತು. ಆರನೆಯ ದಿನ ತಡೆಯಲಾಗದೆ ಎದ್ದು ಅವಳೂ ಗಟಾರದ ಸಂದಿ ಹಿಡಿದಳು. ನಡುವೆ ಚೋಕಿ ಎದುರಾದಳು. ಸಂದಿಯಲ್ಲಿ ಒಬ್ಬರೇ ಹಾಯಬಹುದು. ಇಬ್ಬರೂ ನಿಂತರು. ಗಟಾರದ ನಾತ, ತಗಡಿನ ಬಿಸಿ. ಕಡೆಗೆ ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ, ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ಅಡ್ಡಡ್ಡ ಸರಿದು ದಾಟಿಕೊಂಡರು.

ಏಳನೆಯ ದಿನ ಫಕೀರವ್ವನ ತಾಳ್ಮೆ ಹರಿಯಿತು.

"ಏ ಬಾಯಿ, ಇದೇನ ದಿನಾ ಊರ ಸುತ್ತೂದು? ಅಡ್ಡ ಇದ್ದದ್ದನ್ನ ದಾಟಿ ಹೋಗ್ಬೇಕು. ಎಲ್ಲಾರೂ ದಾಟತಾರ."

ಅಂದ ಮೇಲೆ ತನ್ನ ನಾಲಿಗೆ ಅವಳಿಗೇ ಬೇರೆಯವರದೆನಿಸಿತು. ಅಪ್ಪನ ಮಗಳ ಬಾಯಲ್ಲಿ ಬರುವ ಮಾತಲ್ಲ ಅದು.

ಚೋಕಿ ಅವಳನ್ನು ನೇರವಾಗಿ ನೋಡಿದಳು. "ನೀವು ದಾಟ್ರಿ ಮದಲ. ಹಿಂದಿಂದ ನಾ ಬರತೇನಿ."

ಫಕೀರವ್ವ ಕೂತಲ್ಲಿಂದ ಅಲ್ಲಾಡಲಿಲ್ಲ.

"ನೂಲು, ಪುಸ್ತಕ, ಅನ್ನ, ಮಲಗಿದ ಮನುಷ್ಯಾ, ಇವನ್ನ ದಾಟಬಾರದಂತ ನಮ್ಮವ್ವ ಹೇಳ್ಯಾಳ. ಗಲೀಚಾದ ಮಗ್ಗದ ಮುಂದ ಒಮ್ಮೆ ನೂಲ ದಾಟಿದ್ದೆ, ಕಟಗಿ ತಗೊಂಡ ಬಡದಿದ್ಲು." ಚೋಕಿ ಮುಂದಿನ ಎಳೆ ಹಿಡಿದಳು. "ನಿಮ್ಮಲ್ಲೂ ಹಂಗ ಐತಿ ಅಂತ ಚಹಾದ ಕಾಡಪ್ಪ ಹೇಳಿದಾ. ಅಂವಂದೆಲ್ಲಾ ಹೇಳಿದಾ. ಬೀಮು ಇಲ್ಲಿ ಯಾಕ ಬಿದ್ದೈತಿ ಅನ್ನೂದೂ ನನಗ ತಿಳೀತು."

"ತಿಳದ ಏನ ಮಾಡ್ತಿ?"

"ಸುತ್ತಿ ಬರತೇನಿ. ಕಾಲು ಅದಾವ."

ಆ ಸಂಜೆ ಫಕೀರವ್ವ ನೆರೆಮನೆಯವರ ಮೊಬೈಲಿನಿಂದ ಗಡಹಿಂಗ್ಲಜಕ್ಕೆ ಸುದ್ದಿ ಮುಟ್ಟಿಸಿದಳು: ಬೆಳಗಿನ ಬಸ್ಸಿಗೆ ಬಟ್ಟೆಬರೆ ಕಟ್ಟಿಕೊಂಡು ಬಂದುಬಿಡು. ಹೇಳುವ ಮಾತು ಅವಳಿಗೆ ಸಿಕ್ಕಿತ್ತು. ನೀರಿಗೆ ಹೋದರೆ ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಇಂಥವಳಿಂದ ಹಾಸು ಯಾವಾಗ ಮಗ್ಗ ಏರಬೇಕು? ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೀಮು ಅಡ್ಡ ಬಂದದ್ದನ್ನು ಯಾರೂ ಕೇಳದಿದ್ದರೆ ಅವಳು ತಾನಾಗಿ ಹೇಳಬೇಕಾಗಿಲ್ಲ. ಸಾಕು.

ಎಂಟನೆಯ ದಿನ ಬೆಳಿಗ್ಗೆ ಮಗ್ಗಗಳೆಲ್ಲ ಬಡಿಯುತ್ತಿದ್ದವು. ಕಿವಿಯ ಹತ್ತಿರ ಕೂಗಿದರೂ ಕೇಳದ ಸಪ್ಪಳ. ಫಕೀರವ್ವ ತಲೆ ಎತ್ತಿದಾಗ ಮುಂದಿನ ಬಾಗಿಲಲ್ಲಿ ಶಾಲನ ಕಂಡಳು. ಕಂಕುಳಲ್ಲಿ ಬಟ್ಟೆಯ ಗಂಟು, ಎಣ್ಣೆ ಹಚ್ಚಿ ಹೆಣೆದ ತಲೆ, ಮದುವೆಯಲ್ಲಿ ಉಟ್ಟಿದ್ದ ಹಸಿರು ಇಳಕಲ್ ಸೀರೆ. ತಾಯಿಯನ್ನು ಕಂಡು ಮುಖ ಅರಳಿತು. ಎರಡು ವರ್ಷದಲ್ಲಿ ಫಕೀರವ್ವ ಆ ಅರಳಿದ ಮುಖ ನೋಡಿರಲಿಲ್ಲ. ಅವಳು ಕೈ ಎತ್ತಿದಳು, ಸುತ್ತಿ ಬಾ, ಹಿಂದಿನಿಂದ ಬಾ ಎಂದು ಕೂಗಿದಳು. ಶಾಲನಳಿಗೆ ಕಂಡದ್ದು ಎತ್ತಿದ ಕೈ ಮಾತ್ರ. ತಾಯಿ ಕರೆಯುತ್ತಿದ್ದಾಳೆ ಎಂದುಕೊಂಡು ಇನ್ನೂ ಬೇಗ ನಡೆದಳು. ಪೇಟೆಯಲ್ಲಿ ಮೆಣಸಿನಕಾಯಿ ಚೀಲ ದಾಟುವಂತೆ, ನೆರಿಗೆ ತುಸು ಎತ್ತಿ, ಬೀಮು ದಾಟಿ ಬಂದಳು.

ನೇಕಾರರ ಕಣ್ಣು ಮಗ್ಗದ ಮೇಲಿತ್ತು. ಅವರ್ಯಾರೂ ನೋಡಲಿಲ್ಲ. ಫಕೀರವ್ವ ಕೊಕ್ಕೆ ಚಾಚಿದಳು, ಎಳೆ ಬರಲಿಲ್ಲ. ಚೋಕಿಯ ಬೆರಳುಗಳ ನಡುವೆ ಎಳೆ ಹಾಗೇ ನಿಂತಿತ್ತು, ಕಣ್ಣು ಬೀಮಿನ ಕಡೆ ಇತ್ತು. ಆಮೇಲೆ ಫಕೀರವ್ವನ ಕಡೆ ಹೊರಳಿತು, ಅಲ್ಲೇ ಉಳಿಯಿತು.

"ಎಲ್ಲಿ ಕುಂದ್ರಲೀವ್ವ?" ಎಂದಳು ಶಾಲನ.

"ಅಲ್ಲೇ ನಿಂದ್ರು" ಎಂದಳು ಫಕೀರವ್ವ.

ಸ್ವಲ್ಪ ಹೊತ್ತಿಗೆ ಜಿನೇಂದ್ರ ಮಾಲಕರು, ಹಿಂದೆ ಫೈಲು ಹಿಡಿದ ಪ್ರಣಾಲಿ, ಅದೇ ದಾರಿಯಿಂದ ಬಂದರು. ಮಾಲಕರು ಬೀಮಿನ ಆಚೆಗೇ ನಿಂತರು. ಅಪ್ಪ ಬಿಟ್ಟು ಹೋದ ಕಟ್ಟಳೆಯನ್ನು ಅವರು ನಂಬುತ್ತಿದ್ದರೋ ಇಲ್ಲವೋ, ಮೀರಿರಲಿಲ್ಲ. ಹತ್ತಿರದ ನಾಲ್ಕು ಮಗ್ಗ ಬಂದ್ ಮಾಡಿಸಿದರು.

"ಇದನ್ನ ಇಲ್ಲೆ ಯಾರ ಇಟ್ಟಾರ?"

"ನಾ ಹೇಳಿ ಇಡಿಸೇನ್ರಿ" ಎಂದಳು ಫಕೀರವ್ವ.

ಮಾಲಕರು ಯಾಕೆಂದು ಕೇಳಲಿಲ್ಲ. ಶಾಲನಳನ್ನು ನೋಡಿ, "ನೀ ಯಾವಾಗ ಬಂದ್ಯವ್ವ? ಹಿಂದಿನ ಬಾಗಲದಿಂದ ಬಂದ್ಯೇನ?" ಎಂದರು.

ಶಾಲನ ಬೀಮು ನೋಡಿದಳು. ಹುಟ್ಟಿ ಬೆಳೆದ ಮನೆಯ ಮಾತು ಆಗ ನೆನಪಾಯಿತು. "ಹೌದ್ರಿ ಮಾಲಕರ" ಎಂದಳು.

"ಹೇಳ್ರಿ ಫಕೀರವ್ವ. ಪ್ರಣಾಲಿ ಹೇಳ್ಯಾಳ, ನಿಮ್ಮ ಮಾತ ಕಡೇ ಮಾತಂತ. ಇವರ ಇರಲ್ಯೋ, ಶಾಲನ್ನ ಕೂಡ್ರಸೂಣೋ?"

ಮಗಳ ಮಾತಿಗೆ ಹೂಂ ಎಂದು ಕೂಡ ಅನ್ನಬೇಕಾಗಿರಲಿಲ್ಲ. ಮಗಳ ಸುಳ್ಳಿನ ಹಿಂದೆ ಸುಮ್ಮನೆ ನಿಂತು, ರಾತ್ರಿಯೆಲ್ಲ ಜೋಡಿಸಿಟ್ಟ ಹತ್ತು ನಿಮಿಷದ ಮಾತು ಹೇಳಿದರೆ ಆಗಿಹೋಗುತ್ತಿತ್ತು. ಚೋಕಿ ಬಾಯಿ ಬಿಡಲಿಲ್ಲ. ನೋಡುತ್ತಲೇ ಇದ್ದಳು. ಫಕೀರವ್ವ ಮಗಳ ಕೈ ನೋಡಿದಳು. ಉಗುರಿನ ಬುಡದಲ್ಲಿ ತೊಳೆದರೂ ಹೋಗದ ಕೆಂಪು. ಇನ್ನು ಆ ಕೈ ದಿನವೂ ಎದುರಿಗೆ ಕೂತು ಎಳೆ ಕೊಡುತ್ತದೆ, ತಾನು ತೆಗೆದುಕೊಳ್ಳುತ್ತೇನೆ, ಸಂಜೆ ಕಾಡಪ್ಪನ ಗಾಡಿಯ ಮುಂದೆ ಹಾಯುತ್ತೇನೆ. ಮಕ್ಕಳ ಆಣೆ ಹಾಕಿದ ಅವನ ಮುಖ ಹನ್ನೆರಡು ವರ್ಷದ ಮೇಲೂ ಹಾಗೇ ಇತ್ತು.

"ಶಾಲನ ಬ್ಯಾಡ್ರಿ" ಎಂದಳು. ದನಿ ತನ್ನದೇ ಎಂದು ಈ ಸಲ ಗುರುತು ಸಿಕ್ಕಿತು. "ಹಾಸ ದಾಟಿ ಬಂದಾಳ. ಸುಳ್ಳ ಹೇಳಾಕತ್ತಾಳ."

ಪ್ರಣಾಲಿ, "ಆಜಿ, ಅದೇನ ದೊಡ್ಡ ವಿಷಯ..." ಎಂದು ಶುರು ಮಾಡಿದಳು, ಮಾಲಕರು ಕೈ ಸನ್ನೆ ಮಾಡಿದರು. ನಿಂತಿದ್ದ ನೇಕಾರರೆಲ್ಲ ಕೇಳಿಸಿಕೊಂಡಾಗಿತ್ತು.

"ಮತ್ತ ಇವರದು?"

"ಎಳಿ ಬರೋಬರಿ ಕೊಡತಾಳ. ಬಾಯಿ ಜೋರೈತಿ."

ಶಾಲನ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಅವಳು ಅಳಲಿಲ್ಲ. "ಗಡಹಿಂಗ್ಲಜದಾಗ ಗಂಡ ಹೊರಗ ಹಾಕಿದಾಗ ನಾಕು ಮಂದಿ ಮುಂದ ಹಾಕಿರಲಿಲ್ಲ, ಅವ್ವಾ. ಅಷ್ಟರೆ ಮಾನ ಇಟ್ಟಿದ್ದಾ" ಎಂದಳು. ಹಿಂದಿನ ಬಾಗಿಲು ಮೂರು ಹೆಜ್ಜೆ ದೂರದಲ್ಲಿತ್ತು. ಅವಳು ಆ ಕಡೆ ಹೋಗಲಿಲ್ಲ. ಬೀಮಿನ ಮುಂದೆ ನಿಂತು, ತಾಯಿಯ ಕಡೆ ತಿರುಗಿ ನೋಡಿ, ನೆರಿಗೆ ಎತ್ತಿ, ಅವಸರವಿಲ್ಲದೆ ಇನ್ನೊಮ್ಮೆ ದಾಟಿದಳು. ಮಾಲಕರು ಬದಿಗೆ ಸರಿದು ದಾರಿ ಬಿಟ್ಟರು. ಹಸಿರು ಸೀರೆ ಮಗ್ಗಗಳ ಸಾಲು ಮುಗಿಯುವ ತನಕ ಕಂಡಿತು.

ಪ್ರಣಾಲಿ ಫೈಲು ಎದೆಗೆ ಅವಚಿಕೊಂಡು, "ಆಜಿ, ಶಾಲನಕ್ಕಗೂ ನಾ ಏನರೆ ನೋಡತೇನಿ" ಎಂದಳು.

"ನೋಡಬ್ಯಾಡ್ರಿ ಅಕ್ಕಾರ. ನೀವು ನೋಡಿದ್ದಕ್ಕ ಇಷ್ಟಾತು."

ಅವರು ಹೋದರು. ಮಗ್ಗಗಳು ಮತ್ತೆ ಬಡಿಯತೊಡಗಿದವು. ಫಕೀರವ್ವ ಮಣೆಯ ಮೇಲೆ ಕೂತಳು, ಕೊಕ್ಕೆ ಹಿಡಿದಳು. ಸುಮಾರು ನೂರು ಎಳೆ ಹಾಯ್ದವು.

"ನೀ ನೋಡಿದ್ದಿ" ಎಂದಳು ಫಕೀರವ್ವ, ಮುಂದಕ್ಕೆ ಬಾಗಿ.

"ನೋಡಿದ್ದೆ."

"ಹೇಳಲಿಲ್ಲ ಯಾಕ? ಉಪಕಾರ ಮಾಡೂದಿತ್ತೇನ?"

"ನಿಮಗ್ಯಾಕ ಉಪಕಾರ ಮಾಡ್ಲಿ. ನೀವು ಹೇಳ್ತೀರೋ ಇಲ್ಲೋ ನೋಡಾಕತ್ತಿದ್ದೆ. ನೀವು ನಾಕು ದಿನ ನನ್ನ ಕಾಲ ಕಾದ್ರಿ. ನಾ ಒಂದ ಗಳಿಗಿ ನಿಮ್ಮ ಬಾಯಿ ಕಾದೆ."

"ನಾ ಹೇಳದಿದ್ರ?"

"ನಾ ಹೇಳತಿದ್ದೆ. ನಿಮ್ಮ ಮಗಳ ಹೊಟ್ಟಿ ನೋಡತಿರಲಿಲ್ಲ. ನನಗೂ ಹೊಟ್ಟಿ ಐತಿ."

ಅವಳ ಜಾಗದಲ್ಲಿದ್ದರೆ ತಾನೂ ಅದೇ ಮಾತು ಅನ್ನುತ್ತಿದ್ದೆ ಎಂಬುದು ತಿಳಿದು ಫಕೀರವ್ವನ ಸಿಟ್ಟು ಇನ್ನಷ್ಟು ಏರಿತು.

"ಎಳಿ ಕೊಡ. ಮಾತ ಬ್ಯಾಡ" ಎಂದಳು.

ಚೋಕಿ ಎಳೆ ಕೊಟ್ಟಳು.

ಮಧ್ಯಾಹ್ನ ಫಕೀರವ್ವನ ಬಾಟಲಿ ಖಾಲಿಯಾಗಿತ್ತು. ಬೀಮು ಇನ್ನೂ ಅಲ್ಲೇ ಇತ್ತು. ಹಮಾಲರು ಬರುವುದು ಸಂಜೆಗೆ. ಅವಳು ಮೊಣಕಾಲಿಗೆ ಕೈ ಊರಿ ಎದ್ದು, ಹಿಂದಿನ ಬಾಗಿಲಿನಿಂದ ಹೊರಬಿದ್ದು, ಗಟಾರದ ಸಂದಿ ದಾಟಿ ತಿರುವಿಗೆ ಬಂದಳು. ಕಾಡಪ್ಪ ಚಹಾ ಸೋಸುತ್ತಿದ್ದ.

"ಏನ್ರಿ ಫಕೀರವ್ವ, ಮಗಳ ಬಂದಿದ್ಲಲ್ಲ? ಹಾಂಗ ಹೊಳ್ಳಿ ಹೋದ್ಲು, ಒಂದ ಚಹಾನೂ ಕುಡೀಲಿಲ್ಲ."

ಅವಳು ಹಾಯ್ದು ಹೋಗಬಹುದಿತ್ತು, ಹನ್ನೆರಡು ವರ್ಷ ಹೋದಂತೆ. ನಿಂತಳು.

"ಹಾಸ ದಾಟಿದ್ಲು" ಎಂದಳು.

ಕಾಡಪ್ಪ ಚಹಾದ ಅರಿವೆ ಹಿಂಡಿದ. ಹಿಂಡಿ ಆದ ಮೇಲೂ ಸ್ವಲ್ಪ ಹೊತ್ತು ಅದನ್ನೇ ಹಿಂಡುತ್ತಿದ್ದ. ಕೊನೆಗೆ ಅವಳ ಮುಖ ನೋಡದೆ ಅಂದ:

"ಹಂಗಾದ್ರ ಅಕಿಗೂ ಒಂದ ಗಾಡಿ ನೋಡ್ರಿ. ಈ ತಿರುವಿನ್ಯಾಗ ಮಾತ್ರ ಬ್ಯಾಡ. ಇಲ್ಲಿ ನಾ ಅದೇನಿ."

ಫಕೀರವ್ವ ಬಾಟಲಿ ಹಿಡಿದುಕೊಂಡು ಮುಂದಿನ ಬಾಗಿಲಿಗೆ ನಡೆದಳು. ನೀರು ತುಂಬಿಸಿಕೊಂಡು ಮತ್ತೆ ಅಷ್ಟೇ ದೂರ ಸುತ್ತಿ ಬರಬೇಕಾಗಿತ್ತು.